ಕೈ ಬರುವ ಮೊದಲೇ ನಿಲ್ಲುವ ಕಾಗದ

ಕಿತ್ತಳೆ ದೀಪ ಮಿಟುಕುತ್ತಿದೆ, ಮತ್ತೆ ಮಿಟುಕುತ್ತಿದೆ, ಹಸಿರಿದ್ದದ್ದು ಯಾವ ಗಳಿಗೆಯಲ್ಲಿ ಬಣ್ಣ ಬದಲಿಸಿತೋ ಗೊತ್ತಾಗಲಿಲ್ಲ, ಪ್ರಿಂಟರಿನ ಬಾಯಲ್ಲಿ ಕಾಗದ ಅರ್ಧ ಹೊರಗೆ ಅರ್ಧ ಒಳಗೆ, ಹೊರಗಿನ ಅರ್ಧದಲ್ಲಿ ಚನ್ನವೀರಮ್ಮನ ಹಣೆ, ವಿಭೂತಿ, ಕಣ್ಣು, ನಗು, ಕೊರಳು, ಹಸಿರು ಕುಪ್ಪಸದ ತೋಳು — ಅಷ್ಟೇ, ತೋಳಿನ ಕೆಳಗೆ ಬಿಳಿ, ಕೈ ಬರಲಿಲ್ಲ, ಈ ಸಲವೂ ಕೈ ಬರಲಿಲ್ಲ. ಪೇಪರ್ ಜಾಮ್ ಅನ್ನುತ್ತದೆ ಕಂಪ್ಯೂಟರ್, ಮುಚ್ಚಳ ಎತ್ತಿ ನೋಡಿದರೆ ಸಿಕ್ಕಿಕೊಂಡ ಚೂರು ಕಾಗದವೂ ಇಲ್ಲ, ಇದ್ದ ಹಾಳೆಯನ್ನು ಎಳೆದೆ, ಹರಿಯದೆ ಬಂತು, ಅಂಥವೇ ಹಾಳೆಗಳು ಮೇಜಿನ ಮೇಲೆ ಬಿದ್ದಿವೆ, ಎಲ್ಲದರಲ್ಲೂ ಆಕೆ ನಗುತ್ತಿದ್ದಾಳೆ, ಒಂದರಲ್ಲೂ ಕೈಯಿಲ್ಲ. ಹೊರಕೋಣೆಯಲ್ಲಿ ಆಕೆಯ ಮಗಳು ರಶ್ಮಿ, ಸಿರಿಗೇರಿಯಿಂದ ಮೊದಲ ಬಸ್ಸಿಗೆ ಬಂದವಳು, ಆಯ್ತೇನ್ರಿ ಟೀಚರ್ ಎಂದು ಒಮ್ಮೆಯೂ ಕೇಳಿಲ್ಲ, ಯಂತ್ರ ಸದ್ದು ಮಾಡಿದರೆ ತಲೆ ಎತ್ತುತ್ತಾಳೆ, ನಿಂತರೆ ತಗ್ಗಿಸುತ್ತಾಳೆ, ನನ್ನ ಅತ್ತೆ ಅವಳಿಗೆ ಚಹಾ ಕೊಟ್ಟದ್ದು ಕಾಗದದ ಲೋಟದಲ್ಲಿ, ಮನೆ ತುಂಬ ಸ್ಟೀಲ್ ಲೋಟ ಇದ್ದೂ, ಅದೂ ನನಗೆ ಇಲ್ಲಿಂದಲೇ ಕಾಣುತ್ತಿದೆ. ಹನ್ನೊಂದಕ್ಕೆ ಕಾರ್ಮಿಕ ಕಚೇರಿಯಲ್ಲಿ ಪರಿಹಾರದ ವಿಚಾರಣೆ. ಫೋನಿನ್ಯಾಗ ತೋರಸಬ್ಯಾಡ್ರಿ, ಕಾಗದದ ಮ್ಯಾಲೆ ತರ್ರಿ, ಕಲರ್‌ನ್ಯಾಗ ತರ್ರಿ, ಫೈಲಿಗೆ ಹಚ್ಚಬೇಕು ಅಂದಿದ್ದರು ಅಧಿಕಾರಿ, ಕೆಟ್ಟ ಮನುಷ್ಯನೇನಲ್ಲ, ಫೈಲಿನೊಳಗೆ ಇಲ್ಲದ್ದು ಲೋಕದಲ್ಲೂ ಇಲ್ಲ ಅಂದುಕೊಂಡವರು. ಕೈ ಇಲ್ಲದ ಚಿತ್ರ ಒಯ್ಯುವುದೂ ಒಂದೇ, ಒಯ್ಯದಿರುವುದೂ ಒಂದೇ.

ಆರಿಸಿ ಮತ್ತೆ ಹಚ್ಚು, ಎಲ್ಲಕ್ಕೂ ಮೊದಲ ಮದ್ದು ಅದೇ, ಆರಿಸಿದೆ, ಹಚ್ಚಿದೆ, ವೈರು ಕಿತ್ತು ಚುಚ್ಚಿದೆ, ಆಫ್‌ಲೈನ್ ಅಂದದ್ದು ರೆಡಿ ಅಂತು, ರೆಡಿ ಅಂದಮೇಲೆ ಒಳಗೆ ಸಾಲುಗಟ್ಟಿ ನಿಂತಿದ್ದ ಹಳೆಯದೊಂದು ಮೊದಲು ಹೊರಟಿತು, ದಸರೆ ರಜೆಗೆ ಮುಂಚಿನ ಪ್ರಶ್ನೆಪತ್ರಿಕೆ, ಕಾರ್ಮಿಕ ಎಂದರೆ ಯಾರು, ಒಂದು ಅಂಕ, ಅರ್ಧಕ್ಕೇ ನಿಂತಿತು ಅದೂ. ಸಾಲನ್ನು ಅಳಿಸಿದೆ. ಇಂಕು ನೋಡಿದೆ, ಕಪ್ಪು ಇದೆ, ಹಳದಿ ಇದೆ, ನೀಲಿಯಂತೂ ಡಬ್ಬಿ ತುಂಬ ಇದೆ, ನೀಲಿಗೇನೂ ಕೊರತೆಯಿಲ್ಲ ಈ ಬಳ್ಳಾರಿಯಲ್ಲಿ. ಜೀನ್ಸ್ ತೊಳೆಯುವ ಘಟಕದಲ್ಲಿ ಮೊಣಕೈವರೆಗೆ ಹತ್ತುವ ನೀಲಿ, ನಿಂಬೆಹಣ್ಣಿಗೆ ಹೋಗದ, ಸೀಮೆಎಣ್ಣೆಗೆ ಹೋಗದ ನೀಲಿ, ನಾನು ಸಿರಿಗೇರಿಯ ಸಾಲಿಯಲ್ಲಿದ್ದಾಗ ರಶ್ಮಿ ಏಳನೇ ಇಯತ್ತೆ, ಪಾಲಕರ ಸಭೆಗೆ ಬಂದ ಚನ್ನವೀರಮ್ಮ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡಿದಳು, ಚಹಾ ಕೊಟ್ಟಾಗ ಕೈ ಹೊರಬಂತು, ಮದರಂಗಿ ಹಚ್ಕೊಂಡೀನ್ರಿ ಟೀಚರ್, ಕಂಪನಿ ಮದರಂಗಿ, ಅಂದು ತಾನೇ ಮೊದಲು ನಕ್ಕಳು. ಆ ಕೈ. ಬಿಸಿನೀರಿನ ಪೈಪು ಕಿತ್ತುಕೊಂಡು ಸುಟ್ಟು ಸತ್ತ ಚನ್ನವೀರಮ್ಮನ ಬಗ್ಗೆ ಘಟಕದ ಮ್ಯಾನೇಜರು ಹೋದ ವಿಚಾರಣೆಯಲ್ಲಿ ಹೇಳಿದ್ದು, ಆಕಿ ನಮ್ಮಲ್ಲಿ ಕೆಲಸಕ್ಕ ಇರಲಿಲ್ರಿ ಸಾರ್, ಊಟದ ಹೊತ್ತಿಗೆ ಮಂಡಾಳು ಮಾರಾಕ ಬರ್ತಿದ್ಲು, ಅವತ್ತೂ ಹಂಗ ಒಳಗ ಬಂದಾಳ, ಯಾರ ಕರದಿದ್ರು ಆಕಿನ್ನ. ಮಂಡಾಳು, ಅಂದರೆ ಮಂಡಕ್ಕಿ, ಮಾರುವವಳ ಕೈ ಬೆಳ್ಳಗಿರುತ್ತದೆ, ಹೆಚ್ಚೆಂದರೆ ಖಾರಪುಡಿಯ ಕೆಂಪು, ನೀಲಿ ಎಲ್ಲಿಂದ ಬರಬೇಕು. ಇತ್ತ ಈ ವಾರ ಸೂಪರ್‌ವೈಸರ್ ಭೀಮರಾಜ ರಶ್ಮಿಗೆ ಫೋನು ಮಾಡಿ, ನಿಮ್ಮವ್ವನ ಜಾಗ ಖಾಲಿ ಐತಿ, ಸೋಮವಾರದಿಂದ ನೀ ಬಾ ತಂಗಿ ಅಂದನಂತೆ, ಇರದಿದ್ದವಳ ಜಾಗ ಖಾಲಿಯಾಗುವುದು ಹೇಗೆಂದು ಅವನಿಗೆ ಹೊಳೆದಿಲ್ಲ, ಹೊಳೆದರೂ ಬಾಯಿಮಾತು, ಫೈಲಿಗೆ ಹಚ್ಚಲು ಬರುವುದಿಲ್ಲ. ಇವತ್ತು ಆಗಲಿಲ್ಲಂದ್ರ ಸೋಮವಾರ ಕೆಲಸಕ್ಕ ಹೋಗ್ತೀನ್ರಿ ಟೀಚರ್, ತಮ್ಮನ ಸಾಲಿ ಖರ್ಚು ಐತಿ, ಅಂದಳು ರಶ್ಮಿ ಬಂದ ಕೂಡಲೆ, ಬಸ್ಸಿನ ಟೈಮು ಹೇಳುವ ದನಿಯಲ್ಲಿ.

ನಿನ್ನೆ ಗಾಂಧಿನಗರದ ಝೆರಾಕ್ಸ್ ಅಂಗಡಿಯವನು ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದ, ಚಿತ್ರದ ಹಿಂದೆ ಗೋಡೆಯ ಮೇಲಿನ ಕಂಪನಿ ಹೆಸರು ಓದಿದ, ಕಲರ್ ಇಲ್ಲ ಮೇಡಂ, ಮಷೀನ್ ಕೆಟ್ಟೈತಿ, ಅವನ ಬೆನ್ನ ಹಿಂದೆ ಅದೇ ಮಷೀನು ಯಾರದೋ ಮದುವೆ ಕಾರ್ಡನ್ನು ಕೆಂಪಗೆ ಉಗುಳುತ್ತಿತ್ತು, ಕೆಟ್ಟದ್ದು ಮಷೀನಲ್ಲ, ಆದರೆ ಅವನೂ ಅಂಗಡಿ ನಡೆಸಬೇಕು, ಎಲ್ಲರೂ ನಡೆಸಬೇಕು. ಅದಕ್ಕೇ ಮನೆಯ ಈ ಪ್ರಿಂಟರು. ಚಿತ್ರ ಆಯುಧ ಪೂಜೆಯ ದಿನದ್ದು, ಜೊತೆಗೆ ಕೆಲಸ ಮಾಡುವ ಸಾವಂತ್ರಮ್ಮ ತೆಗೆದದ್ದು, ನನ್ನ ಹೆಸರು ಮಾತ್ರ ಎತ್ತಬ್ಯಾಡ್ರಿ ಎಂದು ಕಳಿಸಿದ್ದು, ತೊಳೆಯುವ ಯಂತ್ರಕ್ಕೆ ಕುಂಕುಮ, ಬಾಳೆಕಂದು, ಮುಂದೆ ಚನ್ನವೀರಮ್ಮ ಎರಡು ಕೈ ಬೊಗಸೆ ಮಾಡಿ ನಿಂತಿದ್ದಾಳೆ, ಅಂಚಿನಲ್ಲಿ ಇನ್ನೊಂದು ಕೈ, ಉಂಗುರಗಳ ಕೈ, ಮಾಲೀಕರ ಕೈ, ಮೇಲಿಂದ ಮಂಡಾಳು ಸುರಿಯುತ್ತಿದೆ, ಬೊಗಸೆಗೆ ತಾಗದಷ್ಟು ಮೇಲಿಂದ. ಮಾರಿದವಳು ಯಾರು, ಕೊಟ್ಟವರು ಯಾರು, ಚಿತ್ರದ ಕೆಳಗಿನ ಅರ್ಧದಲ್ಲಿದೆ ಎಲ್ಲ, ಮೇಲಿನ ಅರ್ಧದಲ್ಲಿ ಬರೀ ನಗು, ನಗುವನ್ನು ಫೈಲಿಗೆ ಹಚ್ಚಿ ಏನು ಮಾಡಲಿ. ಮತ್ತೆ ಒತ್ತಿದೆ, ಕರಕರ, ಹಣೆ, ಕಣ್ಣು, ಕೊರಳು, ತೋಳು, ಕಿತ್ತಳೆ. ಅತ್ತೆ ಅಂಬುಜಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಒದ್ದೆ ಸೀರೆ, ಮಡಿ, ಹೊಸ್ತಿಲು ದಾಟುವುದಿಲ್ಲ, ಏನವ್ವ ಅದು ಮುಂಜಾನಿಂದ ಕರಕರ ಅನ್ನಾಕತ್ತೇತಿ, ಕೆಡಬಾರದಲ್ಲ, ಅದಕ್ಕೂ ಪೂಜಿ ಮಾಡೀನಿ. ಯಾವಾಗ ಮಾಡಿದ್ರಿ ಅತ್ತಿ. ಆಯುಧ ಪೂಜಿ ದಿನ, ನೀ ಬಜಾರಕ್ಕ ಹೋಗಿದ್ದಿ, ನಾ ಮಡಿಯೊಳಗಿದ್ದೆ, ಆ ಪ್ಲಾಸ್ಟಿಕ್ ಮುಟ್ಟೋ ಹಂಗಿಲ್ಲ, ಇಲ್ಲೇ ನಿಂತು ಅಕ್ಷತಿ ಹಾಕಿದೆ. ಎಲ್ಲಿ ಹಾಕಿದ್ರಿ. ಮ್ಯಾಲೆ ಬಾಯಿ ತಕ್ಕೊಂಡು ನಿಂತಿತ್ತಲ್ಲವಾ, ಗುರಿ ಇಟ್ಟು ಹಾಕೀನಿ, ಒಂದು ಕಾಳೂ ಹೊರಗ ಬಿದ್ದಿಲ್ಲ. ಹೊರಕೋಣೆಯಲ್ಲಿ ರಶ್ಮಿ ಫಕ್ಕನೆ ನಕ್ಕದ್ದು ಕೇಳಿತು, ಅಮ್ಮನದೇ ನಗು, ಕೂಡಲೆ ನಿಂತಿತು.

ಕಾಗದ ಇಡುವ ಹಿಂದಿನ ಸಂದಿಗೆ ಟಾರ್ಚು ಬಿಟ್ಟೆ, ಹಳದಿ, ಅರಿಸಿನದ ಅಕ್ಕಿ, ಉರುಳೆಯ ಹಲ್ಲಿನಲ್ಲಿ, ಉರುಳೆಯ ಕೆಳಗೆ, ಯಂತ್ರವನ್ನು ಬೋರಲು ಹಾಕುವಂತಿಲ್ಲ, ಇಂಕು ಚೆಲ್ಲುತ್ತದೆ, ಹುಬ್ಬಿನ ಚಿಮುಟದಿಂದ ಒಂದೊಂದಾಗಿ ತೆಗೆಯುತ್ತಿದ್ದೇನೆ, ದೂರದಿಂದ ಹಾಕಿದ್ದನ್ನು ಒಳಗೆ ಕೈ ಹಾಕಿಯೇ ತೆಗೆಯಬೇಕು, ಮಾಲೀಕರೂ ಮೇಲಿಂದ ಸುರಿದದ್ದೇ, ಅತ್ತೆಯೂ ದೂರದಿಂದ ಎಸೆದದ್ದೇ, ತಾಗಬಾರದು ಅಷ್ಟೇ, ಯಂತ್ರಕ್ಕೂ ಚನ್ನವೀರಮ್ಮನಿಗೂ ಒಂದೇ ಮರ್ಯಾದೆ, ಅತ್ತೆ ಇನ್ನೂ ಹೊಸ್ತಿಲಲ್ಲೇ, ಕಾಲಿಗೆ ತುಳಿಬ್ಯಾಡವ್ವ ಅಕ್ಷತಿ, ಗಿಡಕ್ಕ ಹಾಕು. ಮೂಲೆಯಲ್ಲಿ ಅಡ್ಡ ಸಿಕ್ಕಿದ್ದ ಕಾಳು ಟಕ್ಕೆಂದು ಬಂತು. ಹೊಸ ಹಾಳೆ. ಹಸಿರು ದೀಪ. ಹಣೆ, ವಿಭೂತಿ, ಕಣ್ಣು, ನಗು, ಕೊರಳು, ತೋಳು — ಇಲ್ಲಿ, ಇಲ್ಲಿ ನಿಲ್ಲುತ್ತಿತ್ತು, ನಿಲ್ಲಲಿಲ್ಲ, ಅಂಚಿನಲ್ಲಿ ಉಂಗುರಗಳ ಕೈ ಬಂತು, ಮೊಣಕೈ ಬಂತು, ಗೆರೆ ಗೆರೆಯಾಗಿ ನೀಲಿ ಇಳಿಯುತ್ತಿದೆ, ಮಣಿಕಟ್ಟು ನೀಲಿ, ಅಂಗೈ ನೀಲಿ, ಬೆರಳ ಸಂದಿ ಕಡುನೀಲಿ, ನೀಲಿಯ ಮೇಲೆ ಬೆಳ್ಳನೆ ಮಂಡಾಳು, ಕಾಗದ ಪೂರ್ತಿ ಹೊರಬಂದು ಬಿತ್ತು. ಕರೆಯದೆಯೇ ರಶ್ಮಿ ಬಂದು ನಿಂತಿದ್ದಾಳೆ ಪಕ್ಕದಲ್ಲಿ, ಹೊಸ್ತಿಲಲ್ಲಿ ಅತ್ತೆ ಸೀರೆ ಮೈಗೆ ಒತ್ತಿಕೊಂಡು ದಾರಿ ಬಿಟ್ಟಿದ್ದಾರೆ. ಮುಟ್ಟಬ್ಯಾಡ, ಇಂಕು ಹಸಿ ಐತಿ, ಅಂದೆ, ಅಷ್ಟರಲ್ಲಿ ಬೆರಳಿಟ್ಟಾಗಿತ್ತು, ಮುಖದ ಮೇಲಲ್ಲ, ನಗುವಿನ ಮೇಲಲ್ಲ, ಬೊಗಸೆಯ ಅಡಿಯಲ್ಲಿ, ಮಗುವಿನ ಗದ್ದ ಹಿಡಿಯುವ ಹಾಗೆ. ಏನೂ ಆಗಿಲ್ಲ, ಕೆಟ್ಟಿಲ್ಲ ಚಿತ್ರ, ಸ್ವಲ್ಪ ಹರಡಿದೆ ಅಷ್ಟೇ, ಒಯ್ಯಬಹುದು, ಆಟೋ ಹಿಡಿದರೆ ಹನ್ನೊಂದಕ್ಕೆ ಮುಂಚೆ ಮುಟ್ಟಬಹುದು, ಅಧಿಕಾರಿ ಫೈಲಿಗೆ ಹಚ್ಚಬಹುದು, ಹಚ್ಚಿ ಮುಚ್ಚಲೂಬಹುದು, ಅಷ್ಟರೊಳಗೆ ಸೋಮವಾರ ಬರಬಹುದು, ನಡ್ರಿ ಟೀಚರ್ ಅನ್ನುತ್ತಿದ್ದಾಳೆ ರಶ್ಮಿ, ಅಂದು ಕೈ ಹಿಂದಕ್ಕೆ ತೆಗೆದಳು, ಒರೆಸಿಕೊಳ್ಳಲಿಲ್ಲ, ಸೆರಗಿಲ್ಲ ಅವಳಿಗೆ, ಚೂಡಿದಾರದ ವೇಲಿನೊಳಗೆ ಅಡಗಿಸಿಕೊಂಡಳು, ಅಡಗಿಸುವ ಮೊದಲು ಕಂಡಿತು, ಬೆರಳ ತುದಿ, ನೀಲಿ, ಉಗುರಿನ ಅಂಚಿಗೆ ಏರಿದ ನೀಲಿ, ಬೆರಳ ತುದಿ —