ಒದ್ದೆ ಬೆಡ್‌ಶೀಟಿನ ಕೇಸು

ಚಿಕ್ಕಮ್ಮ ಇಸ್ತ್ರಿ ಮಾಡುತ್ತಿದ್ದಳು. ಮೊದಲು ಕಾಲರು, ಆಮೇಲೆ ಗುಂಡಿಗಳ ನಡುವಿನ ಜಾಗ, ಕೊನೆಗೆ ತೋಳಿನ ಮಡಿಕೆ. ನಾನು ಪಕ್ಕದಲ್ಲಿ ನಿಂತು ನೀರು ಚಿಮುಕಿಸುತ್ತಿದ್ದೆ. ಅಂಗಿ ಅವಳದಲ್ಲ, ಪಕ್ಕದ ಮನೆಯ ಗುಡುಗತ್ತೆಯದು; ದನಿ ಗುಡುಗಿನಂತಿದ್ದುದಕ್ಕೆ ಆ ಹೆಸರು. ಆ ದಿನ ಕೋರ್ಟಿನಲ್ಲಿ ಚಿಕ್ಕಮ್ಮ ಆರೋಪಿ, ಗುಡುಗತ್ತೆ ದೂರು ಕೊಟ್ಟವಳು. ದೂರು ಕೊಟ್ಟವಳು ಮುದುಡಿದ ಬಟ್ಟೆಯಲ್ಲಿ ನಿಂತರೆ ನಮ್ಮ ಇಸ್ತ್ರಿ ಅಂಗಡಿಗೇ ಅವಮಾನ ಎಂಬುದು ಚಿಕ್ಕಮ್ಮನ ವಾದ.

ನಾನು ಶಾಲೆ ಬಿಟ್ಟ ವರ್ಷ ಶುರುವಾದ ಕೇಸದು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗಕ್ಕಾಗಿ ಜಗಳ ಹತ್ತಿ, ಚಿಕ್ಕಮ್ಮ ಒದ್ದೆ ಬೆಡ್‌ಶೀಟು ಬೀಸಿ ಗುಡುಗತ್ತೆಯ ಬೆನ್ನಿಗೆ ಬಾರಿಸಿದ್ದನ್ನು ನಾನು ಮೆಟ್ಟಿಲ ಮೇಲಿಂದ ಕಂಡಿದ್ದೆ. ಪೊಲೀಸರಿಗೆ ಮಾತ್ರ ಅವಳು, “ಗಾಳಿಗೆ ಹಾರಿ ಬಡೀತು” ಅಂದಿದ್ದಳು. ಅಂದಿನಿಂದ ಆ ಗಾಳಿಯ ಕತೆಯನ್ನು ಬಿಟ್ಟುಕೊಟ್ಟಿರಲಿಲ್ಲ.

ಆಮೇಲೆ ತಾರೀಕಿನ ಮೇಲೆ ತಾರೀಕು. ಒಮ್ಮೆ ವಕೀಲರಿಲ್ಲ, ಒಮ್ಮೆ ಪೊಲೀಸರಿಲ್ಲ, ಒಮ್ಮೆ ಜಡ್ಜೇ ವರ್ಗ. ಒಂದೇ ಬೀದಿಯವರು ಕೋರ್ಟಿಗೆ ಹೋಗುವ ಒಂದೇ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಎಷ್ಟು ದಿನ ಕೂತಾರು? ಮೊದಲು ಸೀಟು ಹಿಡಿದುಕೊಟ್ಟರು. ಆಮೇಲೆ ಬುತ್ತಿ ಹಂಚಿಕೊಂಡರು. ಕೊನೆಗೆ, ಸಂಬಳಕ್ಕೆ ವ್ಯಾನು ಓಡಿಸುವ ಗುಡುಗತ್ತೆಯೇ ಚಿಕ್ಕಮ್ಮನಿಗೆ ಡ್ರೈವಿಂಗ್ ಕಲಿಸಿದಳು.

ಈಗ ಚಿಕ್ಕಮ್ಮನಿಗೆ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತ್ತು. ಆದರೆ ತಲೆಯ ಮೇಲೆ ಕೇಸಿರುವವರ ಕೈಗೆ ಮಕ್ಕಳ ಬಸ್ಸು ಕೊಡುವುದಿಲ್ಲವಂತೆ. ಈ ವಾರದೊಳಗೆ ಮುಗಿಯದಿದ್ದರೆ ಕೆಲಸ ಬೇರೆಯವರ ಪಾಲು. ರಾಜಿ ಅರ್ಜಿಗೆ ಇಬ್ಬರೂ ಸಹಿ ಹಾಕಿದ್ದರು. ಗುಡುಗತ್ತೆ ಜಡ್ಜ್ ಮುಂದೆ ನಿಂತು, “ಹೌದು, ರಾಜಿಯಾಗಿದ್ದೀವಿ” ಅಂದರೆ ಸಾಕಿತ್ತು.

ಗುಡುಗತ್ತೆಗೆ ಅಷ್ಟು ಚಿಕ್ಕ ಮಾತು ಬರುವುದಿಲ್ಲ. ಕೋರ್ಟಿನಲ್ಲಿ ಜಡ್ಜ್ ಕೇಳಿದ್ದೇ ತಡ, ಶುರು ಮಾಡಿದಳು:

“ರಾಜಿ ಏನ್ ಬಂತು ಮೇಡಂ, ಇವಳು ಬಂಗಾರದಂಥವಳು! ನನ್ನ ಮುಟ್ಟೇ ಇಲ್ಲ. ಕೈ ಮಾಡಿದ್ದು ನಾನೇ!”

ಸರ್ಕಾರಿ ವಕೀಲರು ಕನ್ನಡಕ ಮೇಲೇರಿಸಿದರು. “ಹಾಗಾದ್ರೆ ನೀವು ಕೊಟ್ಟ ದೂರು ಸುಳ್ಳು. ಸುಳ್ಳು ದೂರಿಗೂ ಶಿಕ್ಷೆ ಇದೆ, ಗೊತ್ತೇನಮ್ಮಾ?”

ಗುಡುಗತ್ತೆಯ ಬಾಯಿ ಕಟ್ಟಿತು. ಹುಟ್ಟಿದಾಗಿನಿಂದ ನಾನು ಅದನ್ನು ಕಂಡಿರಲಿಲ್ಲ. ಜಡ್ಜ್ ಪೆನ್ನು ಕೆಳಗಿಟ್ಟು ಹಳೆಯ ಕಾಗದಗಳನ್ನು ತಿರುವತೊಡಗಿದರು. ಚಿಕ್ಕಮ್ಮ ಕಟಕಟೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಸುಮ್ಮನಿದ್ದರೆ ಅವಳು ಪಾರು, ಬಸ್ಸು ಅವಳದೇ.

“ಸುಳ್ಳು ಹೇಳ್ತಿದ್ದಾಳೆ ಮೇಡಂ,” ಅಂದಳು. “ಹೊಡೆದದ್ದು ನಾನೇ. ಗಾಳಿನೂ ಇಲ್ಲ, ಮಣ್ಣೂ ಇಲ್ಲ. ಎರಡೂ ಕೈಲಿ ಬೀಸಿ ಹೊಡೆದೆ. ಡಬಲ್ ಬೆಡ್‌ಶೀಟು, ಹಿಂಡಿರಲೂ ಇಲ್ಲ.”

“ಏ, ಸುಮ್ನಿರೇ! ಕೆಲಸ ಹೋಗುತ್ತೆ!”

“ನೀನು ಸುಮ್ನಿರು. ಬೆನ್ನು ನಿಂದು, ನಿಂಗೇ ನೆನಪಿಲ್ವಾ?”

“ನೆನಪಿಲ್ದೆ ಏನು! ವಾರಗಟ್ಟಲೆ ಮಗ್ಗುಲಾಗೋಕೆ ಆಗ್ಲಿಲ್ಲ ಕಣೇ, ರಾಕ್ಷಸಿ!”

ಇಡೀ ಕೋರ್ಟಿಗೆ ಕೇಳಿಸಿತು. ಟೈಪು ಮಾಡುವವಳ ಭುಜ ಕುಲುಕತೊಡಗಿತು. ಸರ್ಕಾರಿ ವಕೀಲರು ಕಿಟಕಿಯ ಕಡೆ ತಿರುಗಿಕೊಂಡರು. ಜಡ್ಜ್ ಒಂದು ಸಲ ಕೆಮ್ಮಿದರು, ಸಾಲಲಿಲ್ಲವೆಂದು ಇನ್ನೊಂದು ಸಲ ಕೆಮ್ಮಿದರು.

“ಅಂತೂ ದೂರು ಸುಳ್ಳಲ್ಲ. ಈಗ ಇವರನ್ನ ಕ್ಷಮಿಸಿದ್ದೀರಾ? ಹೌದು ಅಥವಾ ಇಲ್ಲ. ಅಷ್ಟೇ ಹೇಳಿ, ಹೆಚ್ಚಿಗೆ ಬೇಡ.”

ಗುಡುಗತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ “ಹೌದು” ಅಂದಳು.

“ರಾಜಿ ಆಯ್ತು, ಕೇಸು ಮುಗೀತು. ಹೊರಡಿ.”

ವರಾಂಡಕ್ಕೆ ಕಾಲಿಡುತ್ತಲೇ ಗುಡುಗತ್ತೆ ಚಿಕ್ಕಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ಹಿಂಡಿರಲೂ ಇಲ್ವಂತೆ! ಕೇಳಿದ್ರಾ?” ಎಂದು ಬೆಂಚಿನ ಮೇಲೆ ಕಾಯುತ್ತಿದ್ದ ಗುರುತಿಲ್ಲದವರಿಗೆಲ್ಲ ಹೇಳಿದಳು. ಚಿಕ್ಕಮ್ಮ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ.

“ಸ್ವಲ್ಪ ಮೆಲ್ಲಗೆ ನಗ್ರಮ್ಮಾ, ಒಳಗೆ ಬೇರೆ ಕೇಸು ನಡೀತಿದೆ,” ಎಂದು ಬಾಗಿಲಲ್ಲಿ ನಿಂತಿದ್ದ ಜವಾನ ಎರಡನೇ ಸಲ ಕೇಳಿಕೊಂಡ.