ನಿದ್ದಿ ಅಜ್ಜಾರ ಶಾಲು

ಹೊಳೆವ್ವನ ಕೈಯಂಥ ಕೈ ತುಂಗಭದ್ರೆಯಿಂದ ವರದೆಯ ತನಕ ಜರಡಿ ಹಿಡಿದು ಹುಡುಕಿದರೂ ಇನ್ನೊಂದು ಸಿಗುವುದಿಲ್ಲ. ಆ ಕೈ ರೊಟ್ಟಿ ಬಡಿದ ಸಪ್ಪಳಕ್ಕೆ ಚಿಕ್ಕೇರೂರಿನ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಆ ಕೈ ಮೈ ಸವರಿದರೆ ಒದೆಯುವ ಎಮ್ಮೆ ನಾಚಿಕೊಂಡು ಮೂರು ಸೇರು ಹೆಚ್ಚು ಹಾಲು ಕೊಡುತ್ತಿತ್ತು. ಇದೆಲ್ಲ ಅವಳ ಊರಾದ ಕರೇಗುಡ್ಡದಹಳ್ಳಿಯ ಹಸುಗೂಸಿಗೂ ಗೊತ್ತಿದ್ದ ಮಾತು. ಗೊತ್ತಿಲ್ಲದ್ದು ಇನ್ನೊಂದಿತ್ತು.

ಹೊಳೆವ್ವನ ಅಪ್ಪ ಹುಲಗಪ್ಪ ದನದ ಸಂತೆಯ ದಲಾಲ. ಸವಣೂರಿನ ಗೌಸಸಾಬ ಅವನ ಜೋಡಿದಾರ. ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಂದ ಆಡುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಒಂದು ವಲ್ಲಿ ಹೊದಿಸಿ, ಒಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು, ಉಗುರು ಒತ್ತಿದರೆ ಅದರರ್ಧ, ಮುಷ್ಟಿ ಬಿಟ್ಟರೆ ವ್ಯಾಪಾರ ಮುರಿಯಿತು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಏಳು ವರ್ಷದ ಹೊಳೆವ್ವ ಗೌಸಸಾಬನ ಹೆಗಲ ಮೇಲೆ ಕುಂತು, ಆ ಅಲುಗಾಟ ನೋಡಿಯೇ ದರ ಕೂಗಿಬಿಡುತ್ತಿದ್ದಳು. ಕೊನೆಗೆ ಹನ್ನೆರಡು ಸಂತೆಗಳ ದಲಾಲರು ಕೂಡಿ ಹುಲಗಪ್ಪನ ಕಾಲಿಗೆ ಬಿದ್ದು, "ಮಗಳ್ನ ಮನ್ಯಾಗ ಬಿಟ್ಟು ಬಾರಪ, ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಎಂದು ಗೋಗರೆದರಂತೆ.

ಈಗ ಅವಳಿಗೆ ಐವತ್ತೆಂಟು. ಮನೆಯಲ್ಲಿ ಗಂಡ ಗುದ್ಲೆಪ್ಪ, ಹಟ್ಟಿಯಲ್ಲಿ ಎರಡು ಎತ್ತು: ದೇಸಾಯಿ ಮತ್ತು ಸಾವ್ಕಾರ. ಹುಟ್ಟಿದ ವಾರಕ್ಕೇ ತಾಯಿ ಸತ್ತ ಆ ಅವಳಿ ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿ ಹೊದಿಸಿ, ತಾನು ನಡುಗುತ್ತ ಮಲಗಿ ಬೆಳೆಸಿದ್ದಳು. ಊರಿಗೆಲ್ಲ ಟ್ರ್ಯಾಕ್ಟರ್ ಬಂದರೂ ಗುದ್ಲೆಪ್ಪನ ಹೊಲಕ್ಕೆ ಬಂದಿರಲಿಲ್ಲ. ದೇಸಾಯಿ ಮತ್ತು ಸಾವ್ಕಾರ ಉತ್ತ ನೆಲದಲ್ಲಿ ಗೋವಿನಜೋಳ ಎಷ್ಟು ಎತ್ತರ ಬೆಳೆಯುತ್ತಿತ್ತೆಂದರೆ ಹೊಲಕ್ಕೆ ಹೋದ ಗಿಳಿಗಳು ದಾರಿ ತಪ್ಪುತ್ತಿದ್ದವು.

ಮೂರು ತಿಂಗಳ ಹಿಂದೆ ಊರಿಗೆ ನಿದ್ದಿ ಅಜ್ಜಾರು ಬಂದರು. ಹಳೆಯ ಗೋದಾಮಿನೊಳಗಿನ ಕಟ್ಟೆಯ ಮೇಲೆ, ಮೊಣಕಾಲಿಗೆ ಕಾವಿ ಶಾಲು ಹೊದ್ದು, ಕಣ್ಣು ಮುಚ್ಚಿ ಕುಂತವರು ಮತ್ತೆ ಕಣ್ಣು ತೆರೆದಿರಲಿಲ್ಲ. ಸಮಾಧಿ ಸ್ಥಿತಿಯಲ್ಲೇ ನಾಲ್ಕು ಮಾತು ಆಡುತ್ತಿದ್ದರು. ಅವರ ಸೇವೆಗೆ ಒಬ್ಬ ಮೂಕಪ್ಪ. ಕಿವಿ ಇಲ್ಲ, ಬಾಯಿ ಇಲ್ಲ, ಕಸ ಹೊಡೆಯುವವನು. ಸಮಾಧಿಯಲ್ಲಿ ಅಜ್ಜಾರ ಕೈ ತಣ್ಣಗಾಗುತ್ತದೆಂದು ದರ್ಶನದ ಹೊತ್ತಿನಲ್ಲಿ ಪಕ್ಕಕ್ಕೆ ಕುಂತು, ಶಾಲಿನೊಳಗೆ ಕೈ ಹಾಕಿ ಒತ್ತುತ್ತಿದ್ದ. ಪಾಪ ಎನಿಸುವಷ್ಟು ಮುಗ್ಧ ಮುಖ.

ನೋಡನೋಡುತ್ತಲೇ ನಲವತ್ತು ಗಂಡಸರು ಹೆಗಲಿಗೆ ಹಸಿರು ಟವೆಲು ಹಾಕಿ ಭಕ್ತರಾದರು. ಅಜ್ಜಾರು "ಮೂರು ದಿನ ಉಪ್ಪು ಬ್ಯಾಡ" ಅಂದರೆ ಮನೆಮನೆಯ ಗಡಿಗೆಗೆ ಇಣುಕಿ ನೋಡುತ್ತಿದ್ದರು. "ದುಡಿಸಿದ ಎತ್ತು ಬಿಟ್ಟವಗ ಮುಕ್ತಿ, ಕಾಶಿ ಗೋಶಾಲಿಗೆ ಕಳಸ್ರಿ" ಅಂದ ಮೇಲೆ ಗೋದಾಮಿನ ಹಿಂದಿನ ಚಪ್ಪರಕ್ಕೆ ಊರ ಎತ್ತುಗಳು ಸಾಲುಗಟ್ಟಿದವು. ನೀಲಪ್ಪ ಒಲ್ಲೆ ಅಂದಿದ್ದಕ್ಕೆ ಅವನ ಮನೆಗೆ ನಳದ ನೀರು ಬರುವುದು ನಿಂತಿತು, ಅವನ ಸಂಗಡ ಮಾತಾಡುವವರೂ ನಿಂತರು. ಎಂಟನೇ ದಿನ ಅವನೇ ಹಗ್ಗ ಹಿಡಿದು ಹೋಗಿ ಕಟ್ಟಿ ಬಂದ, ಆದರೂ ನಳ ಮಾತ್ರ ಒಣಗಿಯೇ ಇತ್ತು. ಎತ್ತುಗಳನ್ನು ಒಯ್ಯಲು ಸೋಮವಾರ ಲಾರಿ ಬರುವುದಿತ್ತು.

ಶನಿವಾರ ಗುದ್ಲೆಪ್ಪ ಹಸಿರು ಟವೆಲು ಹಾಕಿಕೊಂಡು ಮನೆಗೆ ಬಂದ.

"ಅಜ್ಜಾರು ಎರಡು ಅಂದ್ರು. ನಾಳೆ ಕಟ್ಟಿ ಬರ್ತೇನಿ ಅಂತ ಮಾತು ಕೊಟ್ಟೇನಿ."

ಹೊಳೆವ್ವನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. "ಏನ್ ಎರಡು?"

"ಎತ್ತು."

"ಕಣ್ಣ ಮುಚಗೊಂಡ ಕುಂತಾವ್ರಿಗೆ ನಮ್ಮ ಹಟ್ಟ್ಯಾಗ ಎರಡು ಅದಾವು ಅಂತ ಹೆಂಗ ಗೊತ್ತಾತ್ರಿ?"

"ಅದ ಅಲ್ಲೇನ ಅವರ ಶಕ್ತಿ!"

"ನನ್ನ ಒಂದು ಮಾತು ಕೇಳ್ಬೇಕಿತ್ತು."

"ನಿನ್ನ ಕೇಳಾಕ ನೀ ಏನ್ ಅವನ್ನ ಹಡದೀಯೇನು?"

"ಹಡದಿಲ್ಲ. ನಿಮ್ಮನ್ನೂ ಹಡದಿಲ್ಲ, ಆದ್ರೂ ಮೂವತ್ತೈದು ವರ್ಷ ಮೇವು ಹಾಕೇನಿ ಹೌದಲ್ಲೋ?"

ಗುದ್ಲೆಪ್ಪ ಕೆಟ್ಟವನಲ್ಲ. ಆದರೆ ನಲವತ್ತು ಜನರೆದುರು ಕೊಟ್ಟ ಮಾತು. ನೀಲಪ್ಪನ ಒಣ ನಳ ಅವನ ಕಣ್ಣಮುಂದಿತ್ತು. ಅವನು ಉಂಡಿದ್ದು ಬರೀ ಹದಿನಾಲ್ಕು ರೊಟ್ಟಿ. ಅಷ್ಟು ಚಿಂತೆ ಹಚ್ಚಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಹೊಳೆವ್ವ ತಾನೇ ಮೊದಲು ದರ್ಶನಕ್ಕೆ ಹೋದಳು. ಎದುರು ಕುಂತು ನೋಡಿದಳು. ಒಬ್ಬ ಬಂದು ಅಡ್ಡಬಿದ್ದ. ಮೂಕಪ್ಪ ಕೈ ಒತ್ತಿದ. ಶಾಲು ಒಂದು ಕಡೆ ಸಣ್ಣಗೆ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು.

"ನಾಕು" ಎಂದು ಹೊಳೆವ್ವ ತುಟಿಯೊಳಗೆ ಅಂದಳು.

"ನಾಕು ದಿನ ಉಪವಾಸ" ಎಂದರು ಅಜ್ಜಾರು.

ಇನ್ನೊಬ್ಬ ಬಂದ. ಶಾಲು ಅಲುಗಿತು.

"ಒಂದು."

"ಒಂದು ಎತ್ತು, ಕಾಶಿಗೆ" ಎಂದರು ಅಜ್ಜಾರು.

ಐವತ್ತು ವರ್ಷಗಳ ಹಿಂದಿನ ಸಂತೆಯ ಧೂಳು, ಸೆಗಣಿ, ಗೌಸಸಾಬನ ಅತ್ತರಿನ ವಾಸನೆ ಎಲ್ಲ ಒಟ್ಟಿಗೇ ಅವಳ ಮೂಗಿಗೆ ಬಂದವು. ಇದು ಸೇವೆಯಲ್ಲ, ದಲಾಲಿ! ಕಣ್ಣು ಮುಚ್ಚಿದವನು ಬರೀ ಬಾಯಿ. ಊರನ್ನೆಲ್ಲ ಕುಣಿಸುತ್ತಿರುವವನು ಕಸಬರಿಗೆಯ ಮೂಕ. ಆದರೆ ಹೇಳಿದರೆ ನಂಬುವವರು ಯಾರು? ನಲವತ್ತು ಟವೆಲುಗಳು ಕೂಡಿ ಅವಳ ಬಾಯಿಯನ್ನೇ ಕಟ್ಟಿಯಾವು. ಅಷ್ಟರಲ್ಲಿ ಗುದ್ಲೆಪ್ಪ ದೇಸಾಯಿ, ಸಾವ್ಕಾರರನ್ನು ಹಿಡಿದುಕೊಂಡು ಬಾಗಿಲಿಗೆ ಬಂದಾಗಿತ್ತು. ಸಾವ್ಕಾರ ಹೊಳೆವ್ವನನ್ನು ಕಂಡು ಕಿವಿ ನಿಮಿರಿಸಿದ.

ಅವಳು ಬಳೆಗಳನ್ನು ಸಪ್ಪಳವಾಗದಂತೆ ಮೊಣಕೈ ತನಕ ಏರಿಸಿದಳು. "ಯಪ್ಪಾ, ಅಜ್ಜಾರ, ನನ್ನ ಉದ್ಧಾರ ಮಾಡ್ರಿ!" ಎಂದು ಗೋದಾಮಿನ ತಗಡು ಅದುರುವಂತೆ ಅತ್ತು, ಕಟ್ಟೆಗೆ ತಲೆ ಹಚ್ಚಿ ಅಡ್ಡಬಿದ್ದಳು. ಬಿದ್ದವಳ ಬಲಗೈ ಶಾಲಿನೊಳಗೆ ಹೊಕ್ಕಿತು. ಅಜ್ಜಾರ ಕೈ ಮಲಗಿದ ಕೂಸಿನ ಕೈಯಂತೆ ಜೋಲುತ್ತಿತ್ತು. ಅದನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತನ್ನದನ್ನು ಇಟ್ಟಳು. ಹೊಲ ಮನೆ ದುಡಿದು ಒರಟಾದ ಕೈ. ಗಂಡಸಿನದೋ ಹೆಂಗಸಿನದೋ ಹೇಳಲಾಗದು.

ಬಾಗಿಲಲ್ಲಿ ನಿಂತ ಜೋಡಿಯನ್ನು ನೋಡುತ್ತಲೇ ಮೂಕಪ್ಪ, ಅಜ್ಜಾರ ಕೈಯೆಂದೇ ತಿಳಿದು, ಎರಡು ಬೆರಳು ಹಿಡಿದ. ಹೊಳೆವ್ವ ಸುಮ್ಮನಿರಲಿಲ್ಲ. ಅವನ ಬೆರಳು ಹಿಡಿದು ದರ ಕೇಳಿದಳು, ಹಲ್ಲುದುರಿದ ಎತ್ತಿಗೆ ಕೇಳುವ ದರ.

ಮೂಕಪ್ಪನ ಮುಖ ಅಲುಗಲಿಲ್ಲ. ಆದರೆ ಬೆರಳುಗಳಿಗೆ ಬುದ್ಧಿ ಎಲ್ಲಿಂದ ಬರಬೇಕು? ಮೂವತ್ತು ವರ್ಷ ಸಂತೆಯಲ್ಲಿ ಸವೆದ ಬೆರಳುಗಳು ಕೇಳದೆಯೇ ಉತ್ತರ ಕೊಟ್ಟವು: ನಾಲ್ಕು ಪಟ್ಟು. ಹೊಳೆವ್ವ ಉಗುರು ಒತ್ತಿದಳು: ಅರ್ಧ. ಅವನು ಏರಿಸಿದ. ಅವಳು ಇಳಿಸಿದಳು. ಅವನ ಹಣೆಯ ಮೇಲೆ ಬೆವರು ಮೂಡಿತು. ಶಾಲು ಹಾವಿನ ಬುಟ್ಟಿಯಂತೆ ಕುಣಿಯತೊಡಗಿತು. ಕೊನೆಗೆ ಹೊಳೆವ್ವ ಆ ಜೋಡಿಗೆ ಒಂದು ಕುಂಟು ಆಡಿನ ದರ ಕೇಳಿ, ಮೇಲೆ ಅದಕ್ಕೂ ಉಗುರು ಒತ್ತಿದಳು.

"ಏಯ್! ತಲಿ ಕೆಟ್ಟೈತೇನಲೇ?" ಎಂದು ಮೂಕಪ್ಪ ಜಿಗಿದೆದ್ದು ಗುಡುಗಿದ. "ಅಷ್ಟಕ್ಕ ಕೋಡಿನ ತುದಿ ಸೈತ ಬರಂಗಿಲ್ಲ! ಹಲ್ಲು ನೋಡು, ಗೊರಸು ನೋಡು, ಇಂಥಾ ಜೋಡಿ ಏಳು ಸಂತ್ಯಾಗ ತೋರಸು!"

ಆ ದನಿ ಹಾನಗಲ್ಲಿನ ತನಕ ಕೇಳಿಸಿತೆಂದು ಹೇಳುವವರಿದ್ದಾರೆ. ಶಿಗ್ಗಾಂವಿ ತನಕ ಎಂದರೆ ಮಾತ್ರ ಸ್ವಲ್ಪ ಹೆಚ್ಚಾದೀತು.

ನೀಲಪ್ಪ ಎರಡೂ ಕೈ ಮೇಲೆತ್ತಿ ಕೂಗಿದ: "ಪವಾಡ! ಮೂಕಗ ಮಾತು ಬಂತು!" ನಲವತ್ತು ಟವೆಲುಗಳು ನೆಲಕ್ಕೆ ಬಿದ್ದವು. ಗುದ್ಲೆಪ್ಪ ಹಗ್ಗ ಬಿಟ್ಟು ಅಡ್ಡಬಿದ್ದ. ಮೂಕಪ್ಪನೂ ಚುರುಕಿನ ಆಸಾಮಿ. ಕೂಡಲೇ ಮುಖಕ್ಕೆ ಭಕ್ತಿ ತಂದುಕೊಂಡು ಕೈಮುಗಿದ. ಗೆದ್ದ ಆಟ ಹೊಳೆವ್ವನ ಕಣ್ಣೆದುರೇ ಕೈತಪ್ಪುತ್ತಿತ್ತು, ಹಿಂದೆಯೇ ಎತ್ತುಗಳೂ ಹೊರಟಂತೆ.

ಆದರೆ ಆ ಗದ್ದಲಕ್ಕೆ ಅಜ್ಜಾರಿಗೆ ಎಚ್ಚರವಾಗಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಭಕ್ತರೆದುರು ಕಣ್ಣು ತೆರೆದು, ಆಕಳಿಸಿ, ಎಲ್ಲರೂ ಮಲಗಿರುವುದನ್ನು ನೋಡಿದರು. ನಿಂತಿದ್ದವನು ಮೂಕಪ್ಪ ಒಬ್ಬನೇ.

"ಮಾಲಕರ, ಯಾಪಾರ ಮುಗೀತೇನ್ರಿ?" ಎಂದರು. "ಊಟದ ಹೊತ್ತಾಗಿರಬೇಕಲ್ರಿ?"

ಅಡ್ಡಬಿದ್ದ ಬೆನ್ನುಗಳು ಒಂದೊಂದಾಗಿ ಎದ್ದವು. ಎಲ್ಲರಿಗಿಂತ ಮೊದಲು ಎದ್ದವನು ಗುದ್ಲೆಪ್ಪ.

"ಮಾಲಕರು ಯಾರ್ರೀ ಅಜ್ಜಾರ?" ಎಂದು ಹೊಳೆವ್ವ ತಾಯಿ ಕೂಸನ್ನು ಕೇಳುವಂತೆ ಕೇಳಿದಳು.

"ಇವ್ರ ಅಲ್ರೀ ಯವ್ವಾ. ಕುಂತಲ್ಲೇ ನಿದ್ದಿ ಮಾಡು, ಕೈ ಒತ್ತಿದಾಗ ಅಷ್ಟ ಹೇಳು, ಎರಡ್ಹೊತ್ತು ಊಟ ಹಾಕ್ತೇನಿ ಅಂದ್ರು. ನನಗ ಮೊದ್ಲ ನಿದ್ದಿ ಭಾಳ ನೋಡ್ರಿ. ಅದಕ್ಕ ಕಾವಲುಗಾರಕಿ ಕೆಲಸಾನೂ ಹೋಗಿತ್ತು."

ಗುದ್ಲೆಪ್ಪ ಮೂಕಪ್ಪನ ಮುಂದೆ ಬಂದು ನಿಂತ. "ನಿನಗ ಕಿವಿ ಕೇಳ್ತೈತೇನು?"

"ಕೇಳ್ತೈತ್ರಿ" ಎಂದ ಮೂಕಪ್ಪ, ಬಲು ವಿನಯದಿಂದ.

"ಹಂಗಾದ್ರ ಕೇಳು. ಕಾಶಿ ದಾರಿ ಬಂದ್ ಆಗೈತಿ."

ಅವನು ಓಡಲು ನೋಡಿದ. ಬಾಗಿಲಲ್ಲಿ ದೇಸಾಯಿ ಅಡ್ಡ ನಿಂತಿದ್ದ. ಎತ್ತಿನ ಬೆಲೆ ಬಲ್ಲವನಿಗೆ ಅದರ ಕೋಡಿನ ಬೆಲೆಯೂ ಗೊತ್ತಿರುತ್ತದಲ್ಲ. ಮೂಕಪ್ಪ ಅಲ್ಲೇ ಕುಂತುಬಿಟ್ಟ.

ಹಿರೇಕೆರೂರಿನಿಂದ ಪೊಲೀಸರು ಬರುವಷ್ಟರಲ್ಲಿ ಹೊಳೆವ್ವ ಒಂದು ಕೆಲಸ ಮುಗಿಸಿದಳು. ಚಪ್ಪರದಲ್ಲಿದ್ದ ಇಪ್ಪತ್ಮೂರು ಎತ್ತುಗಳನ್ನೂ ಮೂಕಪ್ಪನ ಕೈಯಿಂದಲೇ ಮನೆಮನೆಗೆ ಕಟ್ಟಿಸಿದಳು. ಯಾವ ಎತ್ತು ಯಾರದೆಂದು ಅವನು ಒಂದರಲ್ಲೂ ತಪ್ಪಲಿಲ್ಲ, ಕಳ್ಳನಾದರೂ ಕಸುಬುದಾರ. ನೀಲಪ್ಪನ ಹಟ್ಟಿಯ ಮುಂದೆ ಮಾತ್ರ ಅವನಿಗೆ ತಡೆಯಲಾಗದೆ, "ಇದರ ಗೊರಸಿಗೆ ಹುಣ್ಣಾಗೈತ್ರಿ, ಬೇವಿನೆಣ್ಣಿ ಹಚ್ರಿ" ಎಂದು ಹೇಳಿಯೂ ಹೋದ. ಟವೆಲಿನವರೇ ಹೋಗಿ ನೀಲಪ್ಪನ ನಳ ಬಿಟ್ಟರು. ಅಜ್ಜಾರಿಗೆ ಹೊಳೆವ್ವ ಮೊದಲು ಉಣ್ಣಲು ಬಡಿಸಿದಳು, ಆಮೇಲೆ ಪೊಲೀಸರ ಮುಂದೆ ಕೂರಿಸಿದಳು. ಹೇಳಿಕೆ ಕೊಡುತ್ತ ಕೊಡುತ್ತ ಆತ ಎರಡು ಸಲ ಗೊರಕೆ ಹೊಡೆದ.

ಸೋಮವಾರ ಬೆಳಿಗ್ಗೆ ಗುದ್ಲೆಪ್ಪ ತಾನಾಗಿಯೇ ಎದ್ದು ಎತ್ತುಗಳ ಮೈ ತೊಳೆದ, ಮೇವು ಹಾಕಿದ, ಕೊಟ್ಟಿಗೆ ಗುಡಿಸಿದ. ಆಮೇಲೆ ಒಲೆಯ ಮುಂದೆ ಬಂದು ನಿಂತ.

"ತಪ್ಪಾತು ಮಾರಾಯ್ತಿ."

"ನನಗ ಯಾಕ ಹೇಳ್ತೀರಿ? ಹಟ್ಟ್ಯಾಗ ಹೇಳ್ರಿ."

"ಅಲ್ಲಿ ಹೇಳೇ ಬಂದೇನಿ."

"ಏನಂದ್ವು?"

"ದೇಸಾಯಿ ಏನೂ ಅನ್ಲಿಲ್ಲ. ಸಾವ್ಕಾರ ಮಾರಿ ತಿರುವಿದ."

ಹೊಳೆವ್ವ ನಕ್ಕಳು. ಬಿಸಿ ರೊಟ್ಟಿಯೊಂದನ್ನು ನಾಲ್ಕಾಗಿ ಮುರಿದು ಬೆಲ್ಲ ಹಚ್ಚಿ ಅವನ ಕೈಗಿಟ್ಟಳು. "ಹೋಗ್ರಿ, ಇದನ್ನ ತಿನಿಸಿ ಇನ್ನೊಮ್ಮೆ ಕೇಳ್ರಿ. ಹೊಲಕ್ಕ ಹೊತ್ತಾಕ್ಕೈತಿ, ನಾನೂ ಬರ್ತೇನಿ."