ಸಮಚಿಹ್ನೆಯೊಳಗಿನ ಬೆಲ್ಲ

ಆನವಟ್ಟಿಯಲ್ಲಿ ಬಿದ್ದ ತುಂತುರು ಮಳೆಯ ಅಳತೆ ಶಿಕಾರಿಪುರದ ಮಳೆ ಲೆಕ್ಕದ ಕಚೇರಿಯ ಕಂಪ್ಯೂಟರಿಗೆ ಬರುವಷ್ಟರಲ್ಲಿ ಸೊನ್ನೆಯಾಗುತ್ತಿತ್ತು. ಕಾರಣ ಹುಡುಕಲು ಶ್ರೀಲತಾಗೆ ಎರಡು ದಿನ ಹಿಡಿಯಿತು. ಪ್ರೋಗ್ರಾಮ್ ಬರೆದಿದ್ದ ಸಹೋದ್ಯೋಗಿ, ಜಡೆ ಊರಿನ ತೀರ್ಥೇಶ, ಅದರಲ್ಲಿ ಸಮಚಿಹ್ನೆಯ (=) ಕೆಲಸವನ್ನೇ ಬದಲಿಸಿದ್ದ. ಒಂದು ಅಳತೆಯನ್ನು ಇನ್ನೊಂದು ಹೆಸರಿಗೆ ಹಾಕಿದ ಕೂಡಲೇ ಅದು ದಶಮಾಂಶ ಚುಕ್ಕೆಯ ನಂತರದ ಅಂಕಿಗಳನ್ನು ತಾನಾಗಿಯೇ ಕತ್ತರಿಸುತ್ತಿತ್ತು.

"ಸಮಚಿಹ್ನೆ ಅಂದ್ರೆ ಇದ್ದದ್ದನ್ನ ಇದ್ದಹಾಗೇ ದಾಟಿಸ್ಬೇಕು ಕಣೋ. ಅದನ್ನ ಬದಲಾಯಿಸೋಕೆ ಆ ಪ್ರೋಗ್ರಾಮಿಂಗ್ ಭಾಷೆ ಮಾಡ್ದೋರು ಬಿಡಲೇಬಾರ್ದಿತ್ತು," ಎಂದು ರೇಗಿದಳು.

ತೀರ್ಥೇಶ ನಕ್ಕ. "ಅಕ್ಕಾ, ಯಾರದಾದ್ರೂ ಪಾತ್ರೆ ವಾಪಸ್ ಕೊಡೋವಾಗ ನೀವು ಖಾಲಿ ಕೊಡ್ತೀರೇನು? ಕೊಡೋದ್ರಲ್ಲೇ ಒಂದು ಪದ್ಧತಿ ಸೇರ್ಕೊಂಡಿರುತ್ತೆ. ಇದೂ ಹಂಗೇ."

ಅವನು ಹಿಂದೊಮ್ಮೆ ಕಡುಬು ತಂದುಕೊಟ್ಟಿದ್ದ ಡಬ್ಬಿ ಶ್ರೀಲತಾಳ ಬಳಿಯೇ ಇತ್ತು. ಶನಿವಾರ ಸಂಜೆ, ಅಮ್ಮ ಕಲಿಸಿದಂತೆ ಅದರಲ್ಲೊಂದು ಅಚ್ಚು ಬೆಲ್ಲ ಇಟ್ಟು, ಏನೂ ಹೇಳದೆ ಅವನ ಕೈಗಿತ್ತಳು. ಅವನು ಡಬ್ಬಿಯನ್ನು ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿಕೊಂಡು ಬಸ್ಸು ಹಿಡಿದ.

ಸೋಮವಾರ ಬೆಳಿಗ್ಗೆ ಅವನು ಬ್ಯಾಗು ತೆರೆದರೆ ಒಳಗೆಲ್ಲ ಇರುವೆ. ಕೀಬೋರ್ಡಿನ ಸಂದಿಸಂದಿಯಿಂದಲೂ ಸಾಲುಗಟ್ಟಿ ಹೊರಬರುತ್ತಿದ್ದವು.

"ಬೆಲ್ಲ ಇಟ್ಟಿದೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತೇನಕ್ಕಾ?"

ಶ್ರೀಲತಾ ಪರದೆಯಿಂದ ಕಣ್ಣೆತ್ತಲಿಲ್ಲ.

"ಸಮಚಿಹ್ನೇಲಿ ಕತ್ತರಿ ಇಟ್ಟಿದೀನಿ ಅಂತ ನೀನು ಹೇಳಿದ್ಯೇನೋ?"